ಕಪ್ಪು ಚೆಂಡಿಗೆ ತಾಗಿದ ತೋಳು

ಆ ಕಪ್ಪು ಚೆಂಡನ್ನು ಅಲುಗಿಸಿದ್ದು ನಾನು. ವಾಮನನಲ್ಲ.

ತಿರುವನಂತಪುರದ ಒಂದು ಕ್ಲಬ್ಬಿನಲ್ಲಿ, ರಾಜ್ಯದ ಸ್ನೂಕರ್ ಫೈನಲ್ ಪಂದ್ಯದಲ್ಲಿ, ನಾನು ರೆಫರಿಯಾಗಿ ನಿಂತಿದ್ದೆ. ನನ್ನ ಕೋಟಿನ ತೋಳು ಚೆಂಡಿಗೆ ತಾಗಿತು. ತಾಗಿದ್ದು ನನಗೆ ಗೊತ್ತಾಯಿತು — ಇದರಲ್ಲಿ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಆದರೆ ಮೇಜಿನ ಮೇಲೆ ಬಾಗಿ ಗುರಿ ಹಿಡಿದಿದ್ದ ವಾಮನ, ತಾಗಿದ್ದು ತನ್ನ ತೋಳೇ ಎಂದುಕೊಂಡು ಎದ್ದು ನಿಂತು ತಪ್ಪು ಒಪ್ಪಿಕೊಂಡ. ನಾನು ಹೌದೆಂದು ತೀರ್ಪು ಕೊಟ್ಟೆ. ಅಲ್ಲಿಗೆ ಅವನ ಆಟ ಮುಗಿಯಿತು. ಆ ದಿನದ ಆಟವಷ್ಟೇ ಅಲ್ಲ, ಅವನ ಆಟವೇ ಮುಗಿಯಿತು.

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ವರಾಂಡದಲ್ಲಿ ಶತಪಥ ಹಾಕಿದ್ದೇನೆ. ಮೊದಲ ಸಾಲು ಬರೆಯುವಷ್ಟರಲ್ಲಿ ಎರಡನೆಯ ಸಾಲಿಗೆ ಒಂದು ಸಬೂಬು ತಾನಾಗಿಯೇ ಬಂದು ನಿಲ್ಲುತ್ತದೆ — ದೀಪ ಮಂಕಾಗಿತ್ತು, ನಾನು ಗಾಬರಿಯಾಗಿದ್ದೆ, ಎಲ್ಲ ಕ್ಷಣದಲ್ಲಿ ನಡೆದುಹೋಯಿತು. ದೀಪ ಮಂಕಾಗಿರಲಿಲ್ಲ. ಹೆಂಡತಿ ಕಮಲ ಅಡುಗೆಮನೆಯಿಂದಲೇ ಕೂಗುತ್ತಾಳೆ: "ಏನ್ರೀ ಅದು, ಬೋನಿನೊಳಗಿನ ಹುಲಿ ಥರ! ಕೂತು ಬರೀರಿ, ಇಲ್ಲಾ ಎದ್ದು ತರಕಾರಿ ತನ್ನಿ." ಅವಳಿಗೂ ನಾನು ಇದನ್ನು ಹೇಳಿದ್ದು ಈಚೆಗೆ.

ನಾನು ಮೈಸೂರಿನವನು. ಬ್ಯಾಂಕಿನ ಕೆಲಸ ನನ್ನನ್ನು ಅರವತ್ತರ ದಶಕದ ಆರಂಭದಲ್ಲಿ ಎರ್ನಾಕುಲಂಗೆ ತಂದು ಹಾಕಿತು. ನಮ್ಮ ಮ್ಯಾನೇಜರರು ಅಲ್ಲಿನ ಒಂದು ಕ್ಲಬ್ಬಿನ ಸದಸ್ಯರು. ಅವರು ಇಸ್ಪೀಟು ಆಡುವವರು. ಅವರ ಬಾಲ ಹಿಡಿದು ಹೋದ ನಾನು ಪಕ್ಕದ ಕೋಣೆಗೆ ಇಣುಕಿದೆ. ಹಸಿರು ಬಟ್ಟೆ ಹೊದಿಸಿದ ದೊಡ್ಡ ಮೇಜು, ಅದರ ಮೇಲಷ್ಟೇ ಬೀಳುವ ದೀಪ, ಸುತ್ತ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತ ಜನ. ಒಬ್ಬರು ಉದ್ದನೆಯ ಕೋಲಿನಿಂದ ಬಿಳಿ ಚೆಂಡನ್ನು ತಳ್ಳಿದರು. ಅದು ಕೆಂಪು ಚೆಂಡಿಗೆ ತಾಗಿತು. ಕೆಂಪು ಚೆಂಡು ಮೂಲೆಯ ಬಲೆಯೊಳಗೆ ಬಿತ್ತು. ಅಷ್ಟೇ. ಆದರೆ ನನಗೆ ಹುಚ್ಚು ಹಿಡಿಯಲು ಅಷ್ಟೇ ಸಾಕಾಯಿತು.

ಆಡಲು ನನ್ನ ಕೈ ಸಾಲದು ಎಂದು ಬೇಗನೆ ತಿಳಿಯಿತು. ಆದ್ದರಿಂದ ನಿಯಮ ಕಲಿತೆ. ನಿಯಮದ ಪುಸ್ತಕ ನನಗೆ ಬಾಯಿಪಾಠ. ಕ್ಲಬ್ಬಿನ ವಾಚನಾಲಯಕ್ಕೆ ಇಂಗ್ಲೆಂಡಿನ ಪತ್ರಿಕೆಗಳು ಹಡಗಿನಲ್ಲಿ ಬರುತ್ತಿದ್ದವು, ವಾರಗಟ್ಟಲೆ ಹಳತಾಗಿ. ಅಲ್ಲಿ ವೃತ್ತಿಪರರ ಆಟವೇ ಆಗ ಸೊರಗಿತ್ತು. ಆಗೊಂದು ಈಗೊಂದು ಪಂದ್ಯ, ಪುಟದ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿ. ಆ ನಾಲ್ಕು ಸಾಲಿಗಾಗಿ ನಾನು ಇಡೀ ಪತ್ರಿಕೆ ಜಾಲಾಡುತ್ತಿದ್ದೆ. ಬ್ಯಾಂಕಿನಲ್ಲಿ ಸಹೋದ್ಯೋಗಿಗಳು ಕಾಲೆಳೆಯುತ್ತಿದ್ದರು: "ಮೂರ್ತಿಗಳೇ, ಹೋದ ತಿಂಗಳು ಯಾರು ಗೆದ್ದರು ಅಂತ ಇವತ್ತು ಗೊತ್ತಾಯ್ತಾ?" ಗೆದ್ದವರಿಗಿಂತ ನನಗೆ ಹೊಸಬರ ಮೇಲೆ ಕಣ್ಣು. ಎಲ್ಲೋ ಒಂದು ಊರಿನಲ್ಲಿ ಯಾರೋ ಎಳೆಯ ಆಟಗಾರ ಹಿರಿಯರನ್ನು ಸೋಲಿಸಿದ ಎಂದು ಓದಿದರೆ, ಅವನು ನನ್ನ ಸ್ವಂತ ತಂಗಿಯ ಮಗನೇನೋ ಎಂಬಂತೆ ಹಿಗ್ಗುತ್ತಿದ್ದೆ.

ಅಂಥ ಹೊತ್ತಿಗೆ ವಾಮನ ಬಂದ.

ಅವನು ಕಾಸರಗೋಡಿನ ಕಡೆಯವನು. ತ್ರಿಪ್ಪುಣಿತ್ತುರದಲ್ಲಿ ಅಕ್ಕ ಶಾರದೆಯ ಮನೆಯಲ್ಲಿದ್ದುಕೊಂಡು ಡಿಗ್ರಿ ಮುಗಿಸಿದ್ದ. ಭಾವ ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದರು. ನಮ್ಮ ಕನ್ನಡದವರ ಕೂಟದಲ್ಲಿ ಕೇರಂ ಆಡುತ್ತಿದ್ದವನ ಬೆರಳು ನೋಡಿ ನಾನೇ ಅವನನ್ನು ಅತಿಥಿಯೆಂದು ಕ್ಲಬ್ಬಿಗೆ ಕರೆದೊಯ್ದೆ. ಮೊದಲ ದಿನ ಕೋಲು ಹಿಡಿಯಲು ಕಲಿಸಿದೆ. ವರ್ಷ ತಿರುಗುವಷ್ಟರಲ್ಲಿ ಕಲಿಸಲು ನನ್ನಲ್ಲಿ ಏನೂ ಉಳಿದಿರಲಿಲ್ಲ.

ಅವನ ಕೈಯ ಬಗ್ಗೆ ಹೇಳಬೇಕು. ಹೇಳದಿದ್ದರೆ ನಾನು ಮಾಡಿದ್ದು ಏನೆಂದು ನಿಮಗೆ ತಿಳಿಯುವುದಿಲ್ಲ. ಎರ್ನಾಕುಲಂನ ಮಳೆಗಾಲದಲ್ಲಿ ಮೇಜಿನ ಬಟ್ಟೆ ತೇವ ಹೀರಿ ಭಾರವಾಗುತ್ತದೆ; ಚೆಂಡು ಉರುಳಲು ಹಟ ಮಾಡುತ್ತದೆ. ಆಟಕ್ಕೆ ಮೊದಲು ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆಯಿಂದ ಬಟ್ಟೆಯನ್ನು ಒಣಗಿಸುತ್ತಿದ್ದರು. ವಾಮನ ಬಟ್ಟೆಯ ಮೇಲೆ ಅಂಗೈ ಇಟ್ಟು, "ಈ ಬದಿಯಲ್ಲಿ ಇನ್ನೂ ಚಂಡಿ ಉಂಟು ಸಾರ್" ಎನ್ನುತ್ತಿದ್ದ. ಹೌದು, ಅಲ್ಲಿ ಒದ್ದೆ ಉಳಿದು ಚೆಂಡು ನಿಧಾನವಾಗುತ್ತಿತ್ತು. ಅವನ ಹೊಡೆತದಲ್ಲಿ ಸದ್ದೇ ಇರುತ್ತಿರಲಿಲ್ಲ. ತಾಯಿ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ ಕೈ ಎಳೆದುಕೊಳ್ಳುವ ಹಾಗೆ, ಬಿಳಿ ಚೆಂಡನ್ನು ತನಗೆ ಬೇಕಾದಲ್ಲಿ ನಿಲ್ಲಿಸಿಬಿಡುತ್ತಿದ್ದ. ಅದು ಹೇಗೆ ಎಂದು ಕೇಳಿದರೆ, "ಕೈಗೆ ಗೊತ್ತಾಗ್ತದೆ" ಎಂದು ನಗುತ್ತಿದ್ದ.

ಅವನ ಭಾವ ಕೆಟ್ಟವರಲ್ಲ. ಆದರೆ ಊರಿನಲ್ಲಿದ್ದ ಅಪ್ಪನಿಗೆ ಉತ್ತರ ಹೇಳಬೇಕಾದವರು ಅವರು. ಒಂದು ಭಾನುವಾರ ನನ್ನನ್ನು ಮನೆಗೆ ಕರೆಸಿ, ಎದುರಿಗೆ ಕೂರಿಸಿಕೊಂಡು ಹೇಳಿದರು: "ಈ ವರ್ಷ ರಾಷ್ಟ್ರೀಯ ಪಂದ್ಯಾವಳಿಗೆ ಹೋಗ್ತಾನೋ, ಆಡಲಿ. ಮಾವನವರಿಗೆ ನಾನು ಹೇಳಿಕೊಳ್ತೇನೆ. ಹೋಗದಿದ್ರೆ ತಿರುವನಂತಪುರದಲ್ಲಿ ಒಂದು ಕೆಲಸ ನೋಡಿಟ್ಟಿದ್ದೇನೆ, ಬಾಯಿ ಮುಚ್ಚಿಕೊಂಡು ಸೇರಬೇಕು. ನೀವೇ ಸಾಕ್ಷಿ." ವಾಮನ ಬಾಗಿಲಿಗೆ ಒರಗಿ ನಿಂತು ನನ್ನತ್ತ ನೋಡಿ ಕಣ್ಣು ಮಿಟುಕಿಸಿದ. ಅಷ್ಟು ಧೈರ್ಯ ಅವನಿಗೆ. ಅಷ್ಟು ನಂಬಿಕೆ — ತನ್ನ ಕೈಯ ಮೇಲೂ, ನನ್ನ ಮೇಲೂ.

ರಾಜ್ಯದಿಂದ ರಾಷ್ಟ್ರೀಯ ಪಂದ್ಯಾವಳಿಗೆ ಹೋಗುತ್ತಿದ್ದುದು ಗೆದ್ದವನೊಬ್ಬನೇ.

ಆ ಸಲದ ಪಂದ್ಯಾವಳಿ ತಿರುವನಂತಪುರದಲ್ಲಿ. ನಿಯಮ ಬಲ್ಲವರು ಅಲ್ಲಿ ಹೆಚ್ಚು ಜನರಿರಲಿಲ್ಲ. ನನ್ನನ್ನು ರೆಫರಿಯಾಗಿ ಕರೆದರು. ಮೇಜಿನ ಸುತ್ತ ಬಿಳಿ ಕೈಗವಸು ಹಾಕಿ ತಿರುಗುವ ಆ ಭಾಗ್ಯಕ್ಕೆ ನಾನು ಎಷ್ಟು ವರ್ಷ ಬಾಯಿಬಿಟ್ಟುಕೊಂಡು ಕೂತಿದ್ದೆನೋ. ವಾಮನ ಸಲೀಸಾಗಿ ಫೈನಲ್ಲಿಗೆ ಬಂದ. ಎದುರಾಳಿ ಎರ್ನಾಕುಲಂನ ವಕೀಲ ಮೇನೋನ್ — ಹಿರಿಯರು, ಸಜ್ಜನರು, ಹಲವು ಸಲ ಗೆದ್ದವರು. ಗುರುವೇ ರೆಫರಿ, ಶಿಷ್ಯನೇ ಆಟಗಾರ, ಇದು ಸರಿಯೇ ಎಂದು ಯಾರೋ ಕೇಳಿದಾಗ ಅವರೇ ಕೈಬೀಸಿ, "ಮೂರ್ತಿಯವರಲ್ಲಿ ನನಗೆ ಪೂರ್ಣ ವಿಶ್ವಾಸ" ಎಂದರು.

ಆದರೆ ಹಿಂದಿನ ದಿನ ಊಟದ ಹೊತ್ತಿನಲ್ಲಿ ಒಬ್ಬ ಸದಸ್ಯ ಎಲ್ಲರಿಗೂ ಕೇಳುವಂತೆ, "ಇನ್ನು ಆಡುವುದೇಕೆ, ಟ್ರೋಫಿ ಕಾಸರಗೋಡಿಗೇ ಕೊಟ್ಟುಬಿಡಿ" ಎಂದು ನಕ್ಕಿದ್ದ. ಆ ನಗು ನನಗೆ ಚುಚ್ಚಿತು. ಇಡೀ ರಾತ್ರಿ ಅದೇ. ತೋರಿಸುತ್ತೇನೆ, ನಾನು ಎಂಥ ರೆಫರಿ ಎಂದು ತೋರಿಸುತ್ತೇನೆ ಎಂದುಕೊಂಡೆ. ಈಗ ಯೋಚಿಸಿದರೆ — ನನ್ನ ಪಾಪ ಅಲ್ಲೇ ಶುರುವಾಗಿತ್ತು. ನ್ಯಾಯವಾಗಿ ಇರಬೇಕು ಎಂದು ನನಗೆ ಅನಿಸಲಿಲ್ಲ. ನ್ಯಾಯವಂತನಾಗಿ ಕಾಣಬೇಕು ಎಂದು ಅನಿಸಿತು.

ಕ್ಲಬ್ಬಿನ ಕಾರ್ಯದರ್ಶಿ ತಮ್ಮ ಕರಿಯ ಕೋಟನ್ನು ನನಗೆ ಕೊಟ್ಟಿದ್ದರು. ಅವರು ಆಜಾನುಬಾಹು, ನಾನು ಕುಳ್ಳ. ತೋಳು ಬೆರಳಿನ ಗೆಣ್ಣಿನವರೆಗೆ ಬರುತ್ತಿತ್ತು. ಜೊತೆಗೆ ಬಂದಿದ್ದ ಕಮಲ ನೋಡಿ, "ಕೋಟಿನೊಳಗೆ ನೀವಿದೀರೋ, ಎಲ್ಲಿ ಹುಡುಕ್ಲಿ?" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದಳು. ತೋಳು ಒಳಗೆ ಮಡಚಿ ಪಿನ್ನು ಹಾಕುತ್ತೇನೆ ಎಂದಳು. ಬೇಡವೆಂದೆ. ಕನ್ನಡಿಯಲ್ಲಿ ನನಗೆ ನಾನು ಚೆನ್ನಾಗಿಯೇ ಕಂಡಿದ್ದೆ.

ಮಧ್ಯಾಹ್ನದ ಪಂದ್ಯ. ಕಿಟಕಿಗಳನ್ನು ಮುಚ್ಚಿ ಪರದೆ ಎಳೆದಿದ್ದರು. ನಾನು ವಾಮನನ ಬೆನ್ನಿಗೆ ಬಿದ್ದಿದ್ದೆ. ಸ್ನೂಕರಿನಲ್ಲಿ ಕೋಲಿನ ತುದಿ ಬಿಳಿ ಚೆಂಡಿಗೆ ಮಾತ್ರ ತಾಗಬೇಕು. ಆಟಗಾರನ ತೋಳೋ ಟೈಯೋ ಬೇರೆ ಯಾವ ಚೆಂಡಿಗೆ ಸೋಕಿದರೂ ತಪ್ಪು, ದಂಡದ ಅಂಕ ಎದುರಾಳಿಗೆ ಹೋಗುತ್ತದೆ. ಮೇನೋನ್ ಬಾಗಿದಾಗ ನಾನು ದೂರ ನಿಲ್ಲುತ್ತಿದ್ದೆ. ವಾಮನ ಬಾಗಿದಾಗ ಹತ್ತಿರ ಹೋಗಿ ಅವನ ಮೊಣಕೈ ಕೆಳಗೆ ಇಣುಕುತ್ತಿದ್ದೆ. ಕತ್ತಲಲ್ಲಿ ಕೂತವರು ನೋಡಲಿ ಎಂದು. ಪಾಪ, ಅವನು ಒಮ್ಮೆಯೂ ಮುಖ ಸಿಂಡರಿಸಲಿಲ್ಲ.

ಆಟ ಸಮಸಮವಾಗಿ ಸಾಗಿ ಕೊನೆಯ ಸುತ್ತಿಗೆ ಬಂತು. ಮೇಜಿನ ಮೇಲೆ ಉಳಿದದ್ದು ಬಿಳಿಯನ್ನು ಬಿಟ್ಟರೆ ಎರಡೇ ಚೆಂಡು — ಗುಲಾಬಿ, ಕಪ್ಪು. ಎರಡನ್ನೂ ಬಲೆಗೆ ಹಾಕಿದರೆ ಪಂದ್ಯ ವಾಮನನದು. ಗುಲಾಬಿ ಮೂಲೆಯ ಬಾಯಲ್ಲೇ ಇತ್ತು; ಅವನಿಗದು ಕಣ್ಣುಮುಚ್ಚಿ ಹೊಡೆಯುವಂಥದ್ದು. ಕಪ್ಪು ಚೆಂಡು ಅವನ ಎಡಗೈಯ ಪಕ್ಕದಲ್ಲಿ, ಮೇಜಿನ ಅಂಚಿಗೆ ಹತ್ತಿರ. ಅವನು ಬಾಗಿದ. ತೋಳಿಗೂ ಚೆಂಡಿಗೂ ನಡುವೆ ಸಂದು ಇತ್ತು. ಬೇಕಾದಷ್ಟು ಇತ್ತು. ನಿಂತಲ್ಲಿಂದಲೇ ನನಗೆ ಕಾಣುತ್ತಿತ್ತು.

ಆದರೂ ನಾನು ಬಾಗಿದೆ. ಇನ್ನೂ ಹತ್ತಿರದಿಂದ ನೋಡುತ್ತಿದ್ದೇನೆ ಎಂದು ತೋರಿಸಲು — ಬಾಗಿದೆ. ಮೇಜಿನ ಅಂಚಿಗೆ ಕೈಯಿಟ್ಟೆ. ನೇತಾಡುತ್ತಿದ್ದ ಆ ಉದ್ದ ತೋಳು ಕಪ್ಪು ಚೆಂಡಿಗೆ ಒತ್ತಿತು. ಬಟ್ಟೆಯ ಮೂಲಕ ನನ್ನ ಮಣಿಕಟ್ಟಿಗೆ ಅದರ ಗುಂಡನೆಯ ಸ್ಪರ್ಶ ತಿಳಿಯಿತು. ಬೆಚ್ಚಿ ಕೈ ಹಿಂದೆಳೆದುಕೊಂಡೆ. ಚೆಂಡು ನಡುಗಿ, ಸ್ವಲ್ಪ ಉರುಳಿ, ನಿಂತಿತು.

ವಾಮನ ಕಣ್ಣಂಚಿನಲ್ಲಿ ಅದನ್ನು ಕಂಡ. ಕೋಲು ಹಿಂದಕ್ಕೆ ತಂದು ನಿಧಾನವಾಗಿ ಎದ್ದು ನಿಂತ. ಮೊದಲು ಚೆಂಡು ನೋಡಿದ. ಆಮೇಲೆ ತನ್ನ ತೋಳು. ಆಮೇಲೆ ನನ್ನ ಮುಖ.

ಆ ನೋಟದಲ್ಲಿ ಒಂದು ಪ್ರಶ್ನೆಯಿತ್ತು. ನಿಯಮ ನನಗೆ ಬಾಯಿಪಾಠ ಎಂದೆನಲ್ಲ — ರೆಫರಿಯಿಂದ ಚೆಂಡು ಅಲುಗಿದರೆ ಅದನ್ನು ಮೊದಲಿದ್ದ ಜಾಗಕ್ಕೆ ಇಟ್ಟು ಆಟ ಮುಂದುವರಿಸಬೇಕು, ಯಾರಿಗೂ ದಂಡವಿಲ್ಲ. ಒಂದು ಮಾತು ಸಾಕಿತ್ತು. "ನನ್ನಿಂದಾಯಿತು, ಕ್ಷಮಿಸಿ." ಜನ ನಗುತ್ತಿದ್ದರು. ದೊಗಳೆ ಕೋಟಿನ ರೆಫರಿ ಎಂದು ನಾಲ್ಕು ದಿನ ಆಡಿಕೊಳ್ಳುತ್ತಿದ್ದರು. ಅಷ್ಟೇ. ಮಾತು ಗಂಟಲವರೆಗೂ ಬಂತು — ಬಂತೇ? ಬಂತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಈಗ ಅದರ ಬಗ್ಗೆಯೂ ನನಗೆ ಖಾತ್ರಿಯಿಲ್ಲ.

ನಾನು ಏನೂ ಹೇಳಲಿಲ್ಲ. ನನ್ನ ಮುಖ ಕಲ್ಲಾಗಿತ್ತು.

ಸ್ನೂಕರಿನಲ್ಲಿ ಒಂದು ಪದ್ಧತಿಯಿದೆ. ತನ್ನ ತಪ್ಪನ್ನು ಯಾರೂ ನೋಡದಿದ್ದರೂ ಆಟಗಾರ ತಾನೇ ಹೇಳಬೇಕು. ಅದನ್ನು ಅವನಿಗೆ ಕಲಿಸಿದವನೂ ನಾನೇ. ವಾಮನ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಹೇಳಿದ:

"ಫೌಲ್, ಸಾರ್. ನನ್ನ ಕೈ ತಾಗಿತು."

ನಾನು ತೀರ್ಪು ಕೊಟ್ಟೆ. ದಂಡದ ಅಂಕ ಮೇನೋನರಿಗೆ ಹೋಯಿತು. ಸರದಿಯೂ ಅವರದೇ. ಅವರು ಗುಲಾಬಿ ಚೆಂಡನ್ನು ಬಲೆಗೆ ತಳ್ಳಿದರು; ಉಳಿದ ಕಪ್ಪು ಚೆಂಡೊಂದರಿಂದ ಆ ಅಂತರ ತುಂಬುವಂತಿರಲಿಲ್ಲ, ಅಲ್ಲಿಗೆ ಮುಗಿಯಿತು. ಮೇನೋನ್ ಗೆದ್ದ ಸಂಭ್ರಮವನ್ನೂ ಮರೆತು ವಾಮನನ ಹೆಗಲ ಮೇಲೆ ಕೈಹಾಕಿ, "ಮೋನೇ, ಮಗನೇ, ಗೆದ್ದದ್ದು ನೀನು" ಎಂದರು. ಸದಸ್ಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅರ್ಧ ನನಗೂ ಬಂತು. ಎಂಥ ಶಿಷ್ಯನನ್ನು ತಯಾರು ಮಾಡಿದ್ದೀರಿ ಎಂದು ಒಬ್ಬೊಬ್ಬರೇ ಬಂದು ಕೈಕುಲುಕಿದರು. ಹಿಂದಿನ ದಿನ ನಕ್ಕಿದ್ದವನೂ ಬಂದ. ಬಿಳಿ ಕೈಗವಸು ತೆಗೆಯದೆಯೇ ಎಲ್ಲರಿಗೂ ಕೈಕೊಟ್ಟೆ.

ಮೇನೋನ್ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದರು. ವಾಮನ ಭಾವನ ಮಾತಿನಂತೆ ತಿರುವನಂತಪುರದ ಕೆಲಸಕ್ಕೆ ಸೇರಿದ. ಹೋಗುವ ಮೊದಲು ನನ್ನ ಕಾಲಿಗೆ ನಮಸ್ಕಾರ ಮಾಡಿದ. ಸಂಜೆ ಹೊತ್ತು ಅಲ್ಲಿಯೂ ಆಡಬಹುದಲ್ಲ, ಮುಂದಿನ ವರ್ಷ ನೋಡೋಣ ಎಂದೆ. "ನೋಡುವ ಸಾರ್" ಎಂದ. ಆಮೇಲೆ ಅವನು ಕೋಲು ಮುಟ್ಟಲಿಲ್ಲ ಎಂದು ಕೇಳಿದೆ. ಅಪ್ಪನ ಒತ್ತಾಯವಿರಬಹುದು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಬ್ಬ ಹೇಡಿ, ಅಷ್ಟೇ. ಆದರೆ ನಾನು ನಿಲ್ಲಿಸಲಿಲ್ಲ. ಆ ಕಥೆಯನ್ನು ಹೇಳತೊಡಗಿದೆ. ಬ್ಯಾಂಕಿನ ಕ್ರೀಡಾದಿನದಲ್ಲಿ ಹೇಳಿದೆ. ಕನ್ನಡ ಸಂಘದಲ್ಲಿ ಮಕ್ಕಳಿಗೆ ಹೇಳಿದೆ. ಕ್ಲಬ್ಬಿನಲ್ಲಿ ಹೊಸಬರು ಬಂದಾಗಲೆಲ್ಲ ಹೇಳಿದೆ — "ರೆಫರಿಯಾಗಿದ್ದ ನನಗೂ ಕಾಣಲಿಲ್ಲ, ಆದರೆ ಹುಡುಗ ಸ್ವತಃ ಎದ್ದು ನಿಂತ!" ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು. ನನ್ನದೂ ಆಗುತ್ತಿತ್ತು, ಅದೇ ಸೋಜಿಗ. ಹೇಳಿ ಹೇಳಿ ಕಥೆಗೆ ಒಪ್ಪ ಬಂತು. ಆ ಕಥೆಯ ಬಲದ ಮೇಲೆ ನಾನು ಆ ಕಡೆಯ ಪಂದ್ಯಗಳಿಗೆಲ್ಲ ಖಾಯಂ ರೆಫರಿಯಾದೆ. ಮೂರ್ತಿಯವರ ತೀರ್ಪು ಎಂದರೆ ಯಾರೂ ಎದುರಾಡುತ್ತಿರಲಿಲ್ಲ.

ಆದರೆ ಪತ್ರಿಕೆ ಓದುವ ಸುಖ ಹೋಯಿತು. ಎಪ್ಪತ್ತರ ದಶಕ ಬರುತ್ತಿದ್ದಂತೆ ಇಂಗ್ಲೆಂಡಿನಲ್ಲಿ ಆಟ ಮತ್ತೆ ಚಿಗುರಿತು. ಹೊಸ ಹೊಸ ಪಂದ್ಯಾವಳಿಗಳು, ಹೊಸ ಹೊಸ ಹೆಸರುಗಳು. ನಾಲ್ಕು ಸಾಲು ಹೋಗಿ ಅರ್ಧ ಪುಟ ಬರತೊಡಗಿತು. ನಾನು ಕಾದು ಕುಳಿತಿದ್ದ ಕಾಲ ಅದು! ಆದರೆ ಎಳೆಯ ಆಟಗಾರನೊಬ್ಬ ಗೆದ್ದ ಸುದ್ದಿ ಕಂಡರೆ ಮೊದಲು ಅವನ ವಯಸ್ಸು ಹುಡುಕುತ್ತಿದ್ದೆ. ವಾಮನನಿಗಿಂತ ದೊಡ್ಡವನೋ, ಚಿಕ್ಕವನೋ. ಈ ಹೊಡೆತ ವಾಮನ ಹೊಡೆಯುತ್ತಿದ್ದನೇ? ಹೊಡೆಯುತ್ತಿದ್ದ. ಪತ್ರಿಕೆ ಮಡಚಿಟ್ಟು ಏಳುತ್ತಿದ್ದೆ, ಮತ್ತೆ ಬಂದು ಬಿಚ್ಚುತ್ತಿದ್ದೆ. ಅವನು ಜಗತ್ತನ್ನೇ ಗೆಲ್ಲುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಮುಂದಿನ ಊರಿನಲ್ಲಿ ಮೊದಲ ಪಂದ್ಯವನ್ನೇ ಸೋಲುತ್ತಿದ್ದನೋ ಏನೋ. ಅದು ಯಾರಿಗೂ ತಿಳಿಯದ ಹಾಗೆ ಮಾಡಿದವನು ನಾನು.

ಎಪ್ಪತ್ತರ ದಶಕದ ನಡುವೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಮನೆ ಸಿಗುವವರೆಗೆ ರೈಲ್ವೆ ಸ್ಟೇಷನ್ನಿನ ಎದುರು ತಂಪಾನೂರಿನ ಒಂದು ಲಾಡ್ಜಿನಲ್ಲಿದ್ದೆ. ಒಂದು ಸಂಜೆ ಪಟ್ಟಂ ಬಸ್ಸಿನಲ್ಲಿ ಹಿಂದಿನಿಂದ ಯಾರೋ "ಸಾರ್!" ಎಂದರು. ತಿರುಗಿದರೆ ವಾಮನ. ದಪ್ಪಗಾಗಿದ್ದ, ಕನ್ನಡಕ ಬಂದಿತ್ತು. ಬಿಡಲಿಲ್ಲ, ಪಟ್ಟಂನಲ್ಲಿದ್ದ ತನ್ನ ಮನೆಗೆ ಎಳೆದುಕೊಂಡು ಹೋದ. ಹೆಂಡತಿ ಜಯಂತಿ ಚಹಾ, ನೇಂದ್ರ ಬಾಳೆಯ ಚಿಪ್ಸು ತಂದಿಟ್ಟಳು. ಪುಟ್ಟ ಮಗಳು ಬಾಗಿಲ ಸಂದಿಯಿಂದ ನೋಡುತ್ತಿದ್ದಳು. "ಬಾ ಇಲ್ಲಿ, ಕಥೆಯ ಮಾಮ ಇವರೇ" ಎಂದ ವಾಮನ. ಅವಳು ಮಲಯಾಳದಲ್ಲಿ ಏನೋ ಹೇಳಿ ಓಡಿಹೋದಳು. ನನ್ನ ಕಥೆ ಅವರ ಮನೆಯವರೆಗೂ ತಲುಪಿತ್ತು.

ಆಫೀಸಿನ ಕೆಲಸ ಹೇಗಿದೆ ಎಂದು ಕೇಳಿದೆ. ಸ್ಟೋರ್ಸಿನಲ್ಲಿದ್ದೇನೆ ಎಂದ. ಸಾಮಾನು ಬಂದದ್ದು, ಹೋದದ್ದು ನೋಡುವ ಕೆಲಸ.

"ಮೊದಲು ನನ್ನನ್ನು ಸೂಕ್ಷ್ಮ ಉಪಕರಣ ಜೋಡಿಸುವಲ್ಲಿಗೆ ತೆಗೆದುಕೊಂಡಿದ್ರು ಸಾರ್. ಒಳ್ಳೆ ಕೆಲಸ. ನಾನೇ ಬೇಡ ಅಂದೆ. ಅಲ್ಲಿ ಕೈಯಲ್ಲಿ ಗೊತ್ತಾಗ್ಬೇಕು. ನನ್ನ ಕೈಯನ್ನು ನಂಬ್ಲಿಕ್ಕೆ ಆಗುದಿಲ್ಲ."

"ಯಾಕೆ ಹಾಗಂತೀಯ?" ಎಂದೆ. ಕೇಳಬಾರದಿತ್ತು. ಆದರೆ ಬಾಯಿಂದ ಬಂದುಬಿಟ್ಟಿತ್ತು.

ಅವನು ಬಲಗೈಯಿಂದ ಎಡಗೈಯನ್ನು ಸವರಿಕೊಂಡು ಸ್ವಲ್ಪ ನಕ್ಕ. "ಆ ದಿನ ಕಪ್ಪು ಚೆಂಡು ಅಲುಗಿತಲ್ಲ ಸಾರ್. ನನಗೆ ಎಂತದೂ ಗೊತ್ತಾಗ್ಲಿಲ್ಲ. ಒಂಚೂರೂ ಇಲ್ಲ. ತಾಗ್ಲಿಲ್ಲ ಅಂತಲೇ ನನ್ನ ಕೈ ಹೇಳಿತು. ಮತ್ತೆ ನಿಮ್ಮ ಮುಖ ನೋಡಿದೆ. ನೀವು ಸುಮ್ಮನಿದ್ರಿ. ಅಷ್ಟು ಹತ್ತಿರ ನಿಂತು ನೋಡ್ತಾ ಇದ್ದವರು ನೀವು. ಹಾಗಾದ್ರೆ ತಾಗಿದ್ದೇ ಇರ್ಬೇಕು ಅಂತ ಒಪ್ಪಿಕೊಂಡೆ. ಸೋತದ್ದಕ್ಕೆ ನನಗೆ ಬೇಜಾರಿಲ್ಲ. ಆದ್ರೆ ಚೆಂಡು ತಾಗಿದ್ದೇ ಗೊತ್ತಾಗದ ಕೈ ಇಟ್ಟುಕೊಂಡು ಎಂತ ಆಡುದು? ಮರುದಿನ ಕೋಲು ಹಿಡಿದೆ. ಇಟ್ಟುಬಿಟ್ಟೆ."

ಚಹಾದ ಲೋಟ ನನ್ನ ಕೈಯಲ್ಲಿತ್ತು. ಅಪ್ಪನೂ ಅಲ್ಲ, ಭಾವನೂ ಅಲ್ಲ. ಇಷ್ಟು ವರ್ಷ ನಾನು ಅವನಿಂದ ಒಂದು ಪಂದ್ಯ ಕಸಿದೆ ಎಂದು ಒಳಗೊಳಗೆ ಕೊರಗುತ್ತಿದ್ದೆ. ಕಸಿದದ್ದು ಪಂದ್ಯವಲ್ಲ. ಅವನ ಕೈಯನ್ನೇ ಅವನಿಂದ ಕಸಿದಿದ್ದೆ. ಅದು ಅವನಿಗೆ ನಿಜ ಹೇಳಿತ್ತು, ಅವನು ಅದನ್ನು ಸುಳ್ಳೆಂದು ತಳ್ಳಿ ನನ್ನನ್ನು ನಂಬಿದ್ದ.

ಆಗಲಾದರೂ ಹೇಳಬೇಕಿತ್ತು. ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಯಾವ ದೇವರೂ ತಂದುಕೊಡಲಾರ. ನಾನು ಚಹಾ ಕುಡಿದೆ. ಚಿಪ್ಸು ತುಂಬ ಗರಿಗರಿಯಾಗಿದೆ ಎಂದು ಜಯಂತಿಗೆ ಹೇಳಿದೆ. ಎದ್ದು ಬಂದೆ. ಆ ಮಧ್ಯಾಹ್ನದ್ದನ್ನು ಯಾರಾದರೂ ಗಾಬರಿ ಎನ್ನಬಹುದು. ಈ ಸಂಜೆಯದಕ್ಕೆ ಏನು ಹೆಸರು? ತಂಪಾನೂರಿನ ಆ ಕೋಣೆಯಲ್ಲಿ ಕೂರಲಾರದೆ, ಮಲಗಲಾರದೆ, ಸ್ಟೇಷನ್ನಿನ ಮುಂದೆ ಬಸ್ಸುಗಳ ನಡುವೆ ಗೊತ್ತುಗುರಿಯಿಲ್ಲದೆ ಅಲೆದೆ.

ಮತ್ತೆ ಕೆಲವು ತಿಂಗಳು ಹೀಗೆಯೇ ಹೋದವು. ಕಮಲ, ಮಕ್ಕಳು ಬಂದರು, ಮನೆ ಸಿಕ್ಕಿತು. ವಾಮನ ಆಗಾಗ ಬರುತ್ತಿದ್ದ. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದುಕೊಳ್ಳುವೆ. ಅವನು ಚಪ್ಪಲಿ ಮೆಟ್ಟುವವರೆಗೂ ಮಳೆ, ಬಸ್ಸು, ಅಕ್ಕಿಯ ಮಾತಾಡುವೆ. ನವೆಂಬರಿನಲ್ಲಿ ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವ. ಕಾರ್ಯದರ್ಶಿಗಳು ನನ್ನನ್ನು ವೇದಿಕೆಗೆ ಕರೆದು, "ಮಕ್ಕಳಿಗೆ ವಾಮನರ ಕಥೆ ಹೇಳಿ, ಅವರೂ ಇಲ್ಲೇ ಇದ್ದಾರೆ" ಎಂದರು. ಮುಂದಿನ ಸಾಲಿನಲ್ಲಿ ಅವನು ನಾಚಿಕೊಂಡು ಕೂತಿದ್ದ, ಮಗಳು ತೊಡೆಯ ಮೇಲೆ. ನಾನು ಶುರುಮಾಡಿದೆ. ನಾಲಿಗೆಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮಾತು ತಾನೇ ಹರಿಯಿತು. "ರೆಫರಿಯಾಗಿದ್ದ ನನಗೂ —" ಎನ್ನುವಲ್ಲಿಗೆ ಬಂದಾಗ ವಾಮನ ತಲೆ ತಗ್ಗಿಸಿ ತನ್ನ ಎಡಗೈಯನ್ನು ನೋಡಿಕೊಂಡ. ಇಡೀ ಸಭೆ ಹೊಗಳಿಕೆಗೆ ಕಾದಿತ್ತು. ಅವನೊಬ್ಬ ಕೈ ನೋಡಿಕೊಳ್ಳುತ್ತಿದ್ದ.

ಮುಂದೆ ಹೇಳಲಾಗಲಿಲ್ಲ. ತಲೆ ಸುತ್ತುತ್ತಿದೆ ಎಂದು ಕೆಳಗಿಳಿದೆ. ಅದೂ ಸುಳ್ಳೇ. ಆದರೆ ನಾನು ಹೇಳಿದ ಕೊನೆಯ ಸುಳ್ಳು ಅದು. ಮನೆಗೆ ಬಂದು ಕಮಲಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. "ನನಗ್ಯಾಕೆ ಹೇಳ್ತೀರಿ? ಹೇಳ್ಬೇಕಾದವನು ಪಟ್ಟಂನಲ್ಲಿದಾನೆ" ಎಂದು ದೀಪ ಆರಿಸಿದಳು.

ಮರುದಿನ ಬೆಳಿಗ್ಗೆ ಹೋದೆ. ವಾಮನ ಅಂಗಳದ ಬಾವಿಯಿಂದ ನೀರು ಸೇದುತ್ತಿದ್ದ. "ಅರೆ, ಹುಷಾರಾದ್ರಾ ಸಾರ್? ಒಳಗೆ ಬನ್ನಿ, ಚಾ ಕುಡಿಯುವ" ಎಂದ. ನಾನು ಗೇಟಿನ ಹತ್ತಿರವೇ ನಿಂತು ಹೇಳಿದೆ. ಒಳಗೆ ಹೋಗಿ ಕೂತರೆ ಮತ್ತೆ ಚಹಾ ಬರುತ್ತದೆ, ಮತ್ತೆ ನಾನು ಕುಡಿಯುತ್ತೇನೆ ಎಂದು ಹೆದರಿದ್ದೆ.

"ಕಪ್ಪು ಚೆಂಡಿಗೆ ತಾಗಿದ್ದು ನನ್ನ ತೋಳು, ವಾಮನ. ನಿನ್ನದಲ್ಲ."

ಅವನು ಹಗ್ಗ ಹಿಡಿದುಕೊಂಡೇ ನಿಂತ. "ಎಂತ ಹೇಳಿದ್ರಿ?"

ಇನ್ನೊಮ್ಮೆ ಹೇಳಿದೆ.

"ನಿಮಗೆ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ನಾನು ಇಲ್ಲಿ ಕೂತು ಹೇಳಿದೆನಲ್ಲ, ಕೈಯ ವಿಷಯ — ಆಗಲೂ?"

"ಆಗಲೂ."

ಅವನು ಕೊಡವನ್ನು ಕಟ್ಟೆಯ ಮೇಲಿಟ್ಟ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ತನ್ನ ಒದ್ದೆ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದ. "ಆಟ ಹೋದದ್ದು ಹೋಗಲಿ ಸಾರ್. ಇಷ್ಟು ವರ್ಷ ನಾನು ಇದರ ಮೇಲೆ —" ಎಂದವನು ಮಾತು ಮುಗಿಸಲಿಲ್ಲ. "ನೀವು ಈಗ ಹೋಗಿ" ಎಂದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ಸದ್ದಾಗದಂತೆ.

ಅವನು ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಬಸ್ಸಿನಲ್ಲಿ ಕಂಡರೆ ತಲೆಯಾಡಿಸುತ್ತಾನೆ, ಅಷ್ಟೇ. ಕ್ಷಮಿಸು ಎಂದು ನಾನು ಕೇಳಿಲ್ಲ. ಅದನ್ನೂ ಅವನಿಂದ ಕಸಿದುಕೊಳ್ಳುವ ಹಕ್ಕು ನನಗಿಲ್ಲ. ಎಲ್ಲೆಲ್ಲಿ ಆ ಕಥೆ ಹೇಳಿದ್ದೆನೋ ಅಲ್ಲಲ್ಲಿಗೆ ಹೋಗಿ ಇದನ್ನು ಹೇಳುತ್ತಿದ್ದೇನೆ. ಎರ್ನಾಕುಲಂಗೆ ಹೋಗಿ ಮೇನೋನರ ಎದುರು ನಿಂತು ಹೇಳಿದೆ. ಆ ವೃದ್ಧರು, "ಇನ್ನು ನೀವು ನಮ್ಮ ಮೇಜಿನ ಹತ್ತಿರ ಬರಬೇಡಿ" ಎಂದರು. ಸರಿ ಎಂದು ಬಂದೆ. ತ್ರಿಪ್ಪುಣಿತ್ತುರದಲ್ಲಿ ಅವನ ಅಕ್ಕನಿಗೆ, ಭಾವನಿಗೆ ಹೇಳಿದೆ. ಬ್ಯಾಂಕಿನಲ್ಲಿ ಹೇಳಿದೆ. ಬರುವ ಭಾನುವಾರ ಕನ್ನಡ ಸಂಘದ ಅದೇ ವೇದಿಕೆಯಲ್ಲಿ, ಅದೇ ಮಕ್ಕಳ ಮುಂದೆ ಹೇಳುತ್ತೇನೆ. ನನ್ನ ಕಥೆ ಎಷ್ಟೋ ಬಾಯಿಗಳಿಂದ ಎಷ್ಟೋ ದೂರ ಹೋಗಿದೆ. ಅಲ್ಲಿಗೆಲ್ಲ ನಾನು ನಡೆದು ಹೋಗಿ ಮುಟ್ಟಲಾರೆ. ಅದಕ್ಕಾಗಿ ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ.

ವಾಮನ, ಇದು ನಿನ್ನ ಕಣ್ಣಿಗೆ ಬಿದ್ದರೆ, ನನ್ನ ಬಗ್ಗೆ ಬರೆದದ್ದನ್ನೆಲ್ಲ ಬಿಟ್ಟುಬಿಡು. ಇಷ್ಟನ್ನು ಓದು. ನಿನ್ನ ಕೈಗೆ ಏನೂ ಗೊತ್ತಾಗಲಿಲ್ಲ, ಏಕೆಂದರೆ ಅದಕ್ಕೆ ಏನೂ ತಾಗಿರಲಿಲ್ಲ. ಅಂದು ಆ ಕೋಣೆಯಲ್ಲಿ ನಿಜ ಹೇಳಿದ್ದು ಅದೊಂದೇ. ನೀನು ನಂಬಬಾರದಿದ್ದದ್ದು ನನ್ನ ಮುಖವನ್ನು.